ಸಾವಿನ ಮನೆಯ ಮೊದಲ ದಿನ: ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 81 ವರ್ಷ. ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಮಂಗಳೂರಿನ ಆಸ್ಪತ್ರೆಯಲ್ಲಿ "ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದರು. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಇಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಇರುವಾಗಲೇ ಇದನ್ನು ಕೇಳುವುದು ತಪ್ಪೇನೋ ಅನ್ನಿಸುತ್ತದೆ ಸರ್. ಆದರೆ ಚಿಕ್ಕಪ್ಪ ಮನೆಯಲ್ಲೇ ತೀರಿಕೊಂಡು ಒಂದೂವರೆ ವರ್ಷವಾಯಿತು. ಇವತ್ತಿಗೂ ಅವರ ಮರಣ ಪತ್ರ ಆಗಿಲ್ಲ, ತೋಟದ ಖಾತೆಯೂ ಆಗಿಲ್ಲ. ಚಿಕ್ಕಮ್ಮ ಪಡುತ್ತಿರುವ ಪಾಡು ನಮಗೆ ಬೇಡ. ಅಪ್ಪ ಹೋದಾಗ ಮೊದಲು ಏನು ಮಾಡಬೇಕು?

ಉತ್ತರ: ಕೇಳಿದ್ದು ಒಳ್ಳೆಯದೇ ಆಯಿತು ತಾಯಿ. ನಾನು ಗ್ರಾಮ ಲೆಕ್ಕಿಗನಾಗಿ ಕೆಲಸಕ್ಕೆ ಸೇರಿ, ನಾಡಕಚೇರಿಯಲ್ಲಿ ಉಪ ತಹಶೀಲ್ದಾರ್ ಆಗಿ ನಿವೃತ್ತನಾದವನು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ನೀರು ಕುಡಿದಿದ್ದೇನೆ. ತಿಥಿ ಮುಗಿಸಿ ಮಾರನೇ ದಿನವೇ ಬಂದವರನ್ನು ನೋಡಿದ್ದೇನೆ. ಅಪ್ಪ ಹೋಗಿ ಮೂವತ್ತು ವರ್ಷವಾದ ಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ಬಂದವರನ್ನೂ ನೋಡಿದ್ದೇನೆ. ಮುಂಚೆಯೇ ಕೇಳಿದವರು ಮಾತ್ರ ಬೆರಳೆಣಿಕೆ.

ಸಾವಾದ ದಿನ ಮಾಡಲೇಬೇಕಾದ ಕಚೇರಿ ಕೆಲಸ ನೀವು ಅಂದುಕೊಂಡಷ್ಟು ಇಲ್ಲ. ಬ್ಯಾಂಕು, ಎಲ್‌ಐಸಿ, ಪಹಣಿ, ರೇಷನ್ ಕಾರ್ಡು ಎಲ್ಲ ಕಾಯುತ್ತವೆ. ಬೆಂಕಿ ಕೊಟ್ಟ ಮೇಲೆ ಅಥವಾ ಮಣ್ಣು ಮಾಡಿದ ಮೇಲೆ ಸಿಗದಂಥವು ಒಂದೆರಡು ಇವೆ. ಅವತ್ತು ಅವನ್ನಷ್ಟೇ ನೋಡಿಕೊಂಡರೆ ಸಾಕು.

ಅದರಲ್ಲಿ ಮೊದಲನೆಯದು ಡಾಕ್ಟರ ಕಾಗದ. ಆಸ್ಪತ್ರೆಯಲ್ಲಿ ಹೋದರೆ ಸಾವಿನ ಕಾರಣ ಬರೆದು ನೋಂದಣಿಗೆ ಕಳಿಸುವ ಹೊಣೆ ಆಸ್ಪತ್ರೆಯವರದು. ಮನೆಯಲ್ಲಿ ಹೋದರೆ, ಕೊನೆಯ ಕಾಯಿಲೆಯಲ್ಲಿ ನೋಡಿದ ಡಾಕ್ಟರು ನಮೂನೆ 4ಎ ಎಂಬ ಪತ್ರ ಕೊಡಬೇಕು. ಅದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ತೊಡಕು ಇರುವುದು ಬೇರೆ ಕಡೆ. ನಿಮ್ಮ ಅಪ್ಪನನ್ನು ನೋಡಿದವರು ಮಂಗಳೂರಿನವರು. ಶಿರಾಡಿ ಘಾಟಿ ಹತ್ತಿ ಅವರು ಬರುತ್ತಾರಾ? ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಅಪ್ಪನನ್ನು ಒಮ್ಮೆಯೂ ನೋಡಿಲ್ಲದಿದ್ದರೆ, ಕಾರಣ ಬರೆಯಲು ಹಿಂದೆಮುಂದೆ ನೋಡುತ್ತಾರೆ. ಅದು ಅವರ ತಪ್ಪಲ್ಲ. ಅದಕ್ಕೇ ಈ ವಾರವೇ ಡಿಸ್ಚಾರ್ಜ್ ಕಾಗದಗಳನ್ನು ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ. ಸಾಧ್ಯವಾದರೆ ಒಮ್ಮೆ ಅವರನ್ನು ಮನೆಗೆ ಕರೆದುಕೊಂಡು ಬನ್ನಿ. ಪಟ್ಟಣದಲ್ಲಿ ಕ್ಲಿನಿಕ್ ಇಟ್ಟಿರುವ, ನಿಮಗೆ ಪರಿಚಯದ ಡಾಕ್ಟರಾದರೂ ಆದೀತು. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ ವಿಷಯ ಗೊತ್ತಿರಲಿ.

ರಾತ್ರಿ ಎರಡು ಗಂಟೆಗೆ ಉಸಿರು ನಿಂತಿತು ಅಂದುಕೊಳ್ಳಿ. ಕಾಯಿಲೆಯಿಂದ ಮನೆಯಲ್ಲಿ ಆದ ಸಾವಿಗೆ ಪೊಲೀಸರಿಗೆ ಹೇಳಬೇಕಾಗಿಲ್ಲ. ಬೆಳಗಾಗುವವರೆಗೆ ಕಾದು ಡಾಕ್ಟರಿಗೆ ಫೋನ್ ಮಾಡಿದರೂ ನಡೆಯುತ್ತದೆ. 108 ಇರುವುದು ರೋಗಿಗಳಿಗೆ, ಜೀವ ಹೋದ ಮೇಲೆ ಅದನ್ನು ಕರೆಸಿ ಪ್ರಯೋಜನವಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಠಿಣ ಅನ್ನಿಸಬಹುದು. ಕೊನೇ ಗಳಿಗೆಯಲ್ಲಿ ಗಾಬರಿಯಾಗಿ ಕಾರಿಗೆ ಹಾಕಿಕೊಂಡು ಹಾಸನಕ್ಕೆ ಓಡುವವರು ಜಾಸ್ತಿ. ಉಳಿಯುವ ದಾರಿ ಇದ್ದರೆ ಓಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಕ್ಟರೇ ಕೈಚೆಲ್ಲಿದವರು ದಾರಿಯಲ್ಲಿ ಹೋಗಿಬಿಟ್ಟರೆ, ಆಸ್ಪತ್ರೆಯಲ್ಲಿ 'ತರುವ ಮೊದಲೇ ಸಾವು' ಎಂದು ಬರೆಯುತ್ತಾರೆ. ಅವರು ಪೊಲೀಸರಿಗೆ ತಿಳಿಸಬಹುದು, ಮರಣೋತ್ತರ ಪರೀಕ್ಷೆಯವರೆಗೂ ಹೋಗಬಹುದು. ನೋಂದಣಿಯೂ ಗೋಜಲಾಗುತ್ತದೆ. ಓಡುವ ಗಾಡಿಯಲ್ಲಿ ಆದ ಸಾವನ್ನು ಗಾಡಿ ಮೊದಲು ನಿಂತ ಜಾಗದಲ್ಲಿ ತಿಳಿಸಬೇಕು ಎನ್ನುತ್ತದೆ ನಿಯಮ. ಮನೆಯಲ್ಲೇ ಇಟ್ಟುಕೊಳ್ಳುವುದೋ ಕರೆದುಕೊಂಡು ಹೋಗುವುದೋ ಎಂದು ಅಣ್ಣನ ಜೊತೆ, ಅಮ್ಮನ ಜೊತೆ ಈಗಲೇ ಮಾತಾಡಿಕೊಂಡಿರಿ.

ನಿಮ್ಮ ಅಪ್ಪನದು ಕಾಯಿಲೆ, ವಯಸ್ಸು. ಹಾಗಲ್ಲದ ಸಾವುಗಳು ನಮ್ಮ ಕಡೆ ಎಷ್ಟೋ ಆಗುತ್ತವೆ. ಆನೆ ತುಳಿದದ್ದು, ಹಾವು ಕಚ್ಚಿದ್ದು, ಕೆರೆಗೆ ಬಿದ್ದದ್ದು, ಬೈಕು ಗುದ್ದಿದ್ದು. ಮೆಣಸು ಕೊಯ್ಯುವ ಕಾಲ ಬಂತೆಂದರೆ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಹೋಗುವುದು. ಇಂಥ ಸಾವಿನಲ್ಲಿ ಜಾಗದಿಂದ ಹೆಣ ಎತ್ತುವ ಮೊದಲೇ ಪೊಲೀಸರಿಗೆ ಹೇಳಬೇಕು. 112ಕ್ಕೆ ಫೋನ್ ಮಾಡಿದರೂ ಸಾಕು. ಅವರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಬರೆದುಕೊಂಡು, ಮಹಜರು ಮಾಡಿ, ಮರಣೋತ್ತರ ಪರೀಕ್ಷೆಗೆ ಕಳಿಸುತ್ತಾರೆ. ಆನೆಯಾದರೆ ಅರಣ್ಯ ಇಲಾಖೆಗೂ ಹೇಳಬೇಕು. ಕರೆಂಟಾದರೆ ಹಾಸನ ಜಿಲ್ಲೆಯಲ್ಲಿ ಚೆಸ್ಕಾಂ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೆಸ್ಕಾಂ.

"ಹೋದವರನ್ನು ಯಾಕೆ ಕೊಯ್ಯಿಸೋದು, ಸುಮ್ನೆ ಮಣ್ಣು ಮಾಡಿ" ಎನ್ನುವ ಹಿರಿಯರು ಪ್ರತಿ ಊರಲ್ಲೂ ಇರುತ್ತಾರೆ. ನಾನು ಕೆಲಸ ಮಾಡಿದ ಒಂದು ಹೋಬಳಿಯಲ್ಲಿ ಮೆಣಸು ಬಿಡಿಸುವಾಗ ಸಿಲ್ವರ್ ಓಕ್ ಮರದಿಂದ ಬಿದ್ದು ಒಬ್ಬ ಹೋದ. ಮೂವತ್ತೆಂಟು ವಯಸ್ಸು. ಸಂಜೆಯೊಳಗೆ ಬೆಂಕಿ ಕೊಟ್ಟರು. ತಿಂಗಳಾದ ಮೇಲೆ ಹೆಂಡತಿ ಪಾಸ್‌ಬುಕ್ ತಂದು ತೋರಿಸಿದಳು. ಅದರಲ್ಲಿ ಅಪಘಾತ ವಿಮೆಯ ಕಂತು ಕತ್ತರಿಸಿದ ಸಾಲು ಇತ್ತು. ಎರಡು ಲಕ್ಷ ಬರಬೇಕಾದ ಹಣ. ಪೊಲೀಸ್ ಕಾಗದ ಇಲ್ಲ, ಪೋಸ್ಟ್‌ಮಾರ್ಟಂ ವರದಿ ಇಲ್ಲ. ಮರದಿಂದ ಬಿದ್ದದ್ದಕ್ಕೆ ಊರೆಲ್ಲ ಸಾಕ್ಷಿ, ಕಾಗದ ಮಾತ್ರ ಒಂದೂ ಇಲ್ಲ. ಆ ಹೆಣ್ಣುಮಗಳು ಆ ಪಾಸ್‌ಬುಕ್ಕನ್ನು ಮಡಿಸಿ ಸೆರಗಿನಲ್ಲಿ ಇಟ್ಟುಕೊಂಡು ಹೋದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಿಮ್ಮ ಅಪ್ಪನ ವಿಷಯಕ್ಕೇ ಬರೋಣ. ಎದೆಗೆ ಪೇಸ್‌ಮೇಕರ್ ಹಾಕಿಸಿದ್ದಾರಾ? ಹಾಕಿಸಿದ್ದರೆ ಸುಡುವ ಮೊದಲು ಡಾಕ್ಟರಿಂದ ತೆಗೆಸಲೇಬೇಕು. ಬೆಂಕಿಯ ಕಾವಿಗೆ ಅದು ಸಿಡಿಯುತ್ತದೆ. ಕಣ್ಣು ದಾನ ಮಾಡುವ ಆಸೆ ಅವರಿಗಿದ್ದರೆ ಸಮಯ ಬಹಳ ಕಡಿಮೆ, ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ಕೊಟ್ಟ ಮೇಲೆ ಹಳ್ಳಿಗಳಲ್ಲೂ ಇದನ್ನು ಕೇಳುವವರು ಹೆಚ್ಚಾಗಿದ್ದಾರೆ. ವಯಸ್ಸಾಗಿದೆ, ಪೊರೆ ಆಪರೇಷನ್ ಆಗಿದೆ ಎಂದು ಹಿಂಜರಿಯಬೇಕಾಗಿಲ್ಲ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆ ಕೆಳಗೆ ದಿಂಬು ಇಡಿ. ನಿಮ್ಮ ಊರು ತೀರಾ ಒಳಗಿದ್ದರೆ ತಂಡ ಅಷ್ಟು ಬೇಗ ಬರಬಲ್ಲದಾ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಅಣ್ಣ ಹೊರಟರೆ ಬೆಂಗಳೂರಿನಿಂದ ಐದಾರು ಗಂಟೆಯಲ್ಲಿ ಬಂದು ಸೇರುತ್ತಾನೆ. ಅಷ್ಟಕ್ಕೆ ಫ್ರೀಜರ್ ಪೆಟ್ಟಿಗೆ ಬೇಕಾಗುವುದಿಲ್ಲ. ದೂರದಿಂದ ಇನ್ಯಾರೋ ಬರಬೇಕು ಎಂದಾದರೆ ತರಿಸಿ, ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಜನರೇಟರ್ ಜೊತೆಗೇ ಕೇಳಿ. ಒಣ ಸೌದೆಯ ಮಾತು ಎತ್ತಲು ನನಗೂ ಬಾಯಿ ಬರುವುದಿಲ್ಲ. ಆದರೂ ಜುಲೈ ತಿಂಗಳ ಮಳೆಯಲ್ಲಿ ಹಸಿ ಸೌದೆ ಹೊತ್ತಿಸಲು ಹೆಣಗಾಡಿದ ಮನೆಗಳನ್ನು ನೋಡಿದ್ದೇನೆ. ನಂಬಿಕಸ್ಥ ಆಳೊಬ್ಬನ ಕಿವಿಯಲ್ಲಿ ಹೇಳಿ ಕೊಟ್ಟಿಗೆಯಲ್ಲಿ ಒಂದಿಷ್ಟು ಒಟ್ಟಿಸಿಡಿ. ಸಾರ್ವಜನಿಕ ಸ್ಮಶಾನವಾದರೆ ರಶೀದಿ ಇಸ್ಕೊಳ್ಳಿ. ನಿಮ್ಮದೇ ತೋಟದಲ್ಲಿ ಮಾಡುವುದಾದರೆ ಹತ್ತಿರ ನಿಂತಿದ್ದ ಇಬ್ಬರು ಅಕ್ಕಪಕ್ಕದವರ ಹೆಸರು ಬರೆದಿಟ್ಟುಕೊಳ್ಳಿ.

ಅಲ್ಲಿಗೆ ಮೊದಲ ದಿನ ಮುಗಿಯಿತು. ಹಾಲು ತುಪ್ಪ ಬಿಡುವವರೆಗೆ ಯಾವ ಕಚೇರಿಗೂ ಹೋಗಬೇಡಿ.

ಆಮೇಲೆ ಲೆಕ್ಕ ಇಡಬೇಕಾದ ಒಂದು ಸಂಖ್ಯೆ 21. ಜನನ ಮರಣ ನೋಂದಣಿ ಕಾಯ್ದೆ 1969ರದು. ಅದರ ಪ್ರಕಾರ 21 ದಿನದೊಳಗೆ ಸಾವನ್ನು ತಿಳಿಸಬೇಕು. ಅಷ್ಟರಲ್ಲಿ ತಿಳಿಸಿದರೆ ಶುಲ್ಕವಿಲ್ಲ, ತಿಳಿಸಿದವರಿಗೆ ಮೊದಲ ಪ್ರತಿಯೂ ಬಿಟ್ಟಿ. ಮನೆಯಲ್ಲಿ ಆದ ಸಾವನ್ನು ತಿಳಿಸಬೇಕಾದವರು ಮನೆಯ ಯಜಮಾನರು, ಇಲ್ಲವೇ ಹತ್ತಿರದ ನೆಂಟರು. ನೀವೂ ತಿಳಿಸಬಹುದು, ಮಗನೇ ಬರಬೇಕೆಂದಿಲ್ಲ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕೇಳಿ, ಇಲ್ಲವೇ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ನಮ್ಮ ಕಾಲದ ಗ್ರಾಮ ಲೆಕ್ಕಿಗರಿಗೆ ಈಗ ಆ ಹೆಸರು. ಪಟ್ಟಣದಲ್ಲಾದರೆ ಪುರಸಭೆ.

ಬಹಳ ಜನ ಎಡವುವುದು ಎಲ್ಲಿ ಗೊತ್ತಾ? ನೋಂದಣಿ ಆಗುವುದು ಸಾವಾದ ಊರಲ್ಲಿ, ವಾಸದ ಊರಲ್ಲಲ್ಲ. ನಿಮ್ಮ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ ಹೋಗಿದ್ದರೆ ಪತ್ರ ಮಂಗಳೂರಿನದೇ ಆಗುತ್ತಿತ್ತು. ಸಕಲೇಶಪುರದಲ್ಲಿ ಎಷ್ಟು ಅಲೆದರೂ ಸಿಗುತ್ತಿರಲಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ನನ್ನ ಸರ್ವೀಸಿನಲ್ಲಿ ಅರ್ಧ ಆಯಸ್ಸು ಕಳೆದದ್ದು ಇದರಲ್ಲೇ. ಆಧಾರ್‌ನಲ್ಲಿ ಪುಟ್ಟಸ್ವಾಮಿಗೌಡ, ಪಹಣಿಯಲ್ಲಿ ಪುಟ್ಟೇಗೌಡ ಬಿನ್ ತಿಮ್ಮೇಗೌಡ, ಬ್ಯಾಂಕಿನಲ್ಲಿ ಪುಟ್ಟಸ್ವಾಮಿ ಟಿ. ಮೂವರೂ ಒಬ್ಬರೇ ಎಂದು ಮಕ್ಕಳು ಅಫಿಡವಿಟ್ ಮಾಡಿಸುತ್ತಾ ಓಡಾಡಬೇಕು. ಈಗಲೇ ಆಧಾರ್, ಪಹಣಿ, ಪಾಸ್‌ಬುಕ್, ಎಲ್‌ಐಸಿ ಬಾಂಡ್ ನಾಲ್ಕನ್ನೂ ಮೇಜಿನ ಮೇಲೆ ಹರಡಿ ನೋಡಿ. ವ್ಯತ್ಯಾಸ ಇದ್ದರೆ ಆಧಾರ್‌ನಲ್ಲಿ ಇರುವಂತೆಯೇ ಮರಣ ಪತ್ರ ಮಾಡಿಸಿ. ಪಹಣಿಯ ಹೆಸರನ್ನು 'ಉರುಫ್' ಎಂದು ಸೇರಿಸಲು ಆಗುತ್ತದಾ ಎಂದು ನೋಂದಣಿ ಮಾಡುವವರನ್ನು ಕೇಳಿ. ಪತ್ರ ಅಚ್ಚಾಗುವ ಮೊದಲು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಅಕ್ಷರ ಓದಿ. ಅಣ್ಣನ ಕೈಲೂ ಒಮ್ಮೆ ಓದಿಸಿ. ಆಮೇಲೆ ಐದಾರು ಪ್ರತಿ ತೆಗೆದಿಟ್ಟುಕೊಳ್ಳಿ.

ದುಡ್ಡಿನ ಮಾತು. ಕಾರ್ಯದ ಖರ್ಚಿಗೆಂದು ಅಪ್ಪನ ಎಟಿಎಂ ಕಾರ್ಡಿನಿಂದಲೋ ಫೋನ್‌ಪೇಯಿಂದಲೋ ಹಣ ತೆಗೆಯುವುದು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಮಾಡಬೇಡಿ. ಸತ್ತ ಮೇಲೆ ಆ ಹಣ ಎಲ್ಲ ವಾರಸುದಾರರದು. ತಾರೀಖು ಬ್ಯಾಂಕಿನ ಲೆಕ್ಕದಲ್ಲಿ ಉಳಿಯುತ್ತದೆ, ನಾಳೆ ಅದೇ ಜಗಳಕ್ಕೆ ಮೂಲ. ಅಪ್ಪನಿಗೆ ಇನ್ನೂ ಸಹಿ ಹಾಕುವ ಶಕ್ತಿ ಇದ್ದರೆ ಖಾತೆಗೆ ಅಮ್ಮನ ಹೆಸರನ್ನೂ ಸೇರಿಸಿ, 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂದು ಮಾಡಿಸಿ. ಆಗ ಅಮ್ಮ ನೇರವಾಗಿ ತೆಗೆಯಬಹುದು. ಅದಾಗದಿದ್ದರೆ ನಾಮಿನಿ ಇದ್ದಾರಾ ನೋಡಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಈಸಿಕೊಳ್ಳುವವರು ಅಷ್ಟೇ. ಈಸಿಕೊಂಡದ್ದನ್ನು ವಾರಸುದಾರರಿಗೆ ಹಂಚಬೇಕು. ಇದನ್ನು ಅಣ್ಣನಿಗೂ ಹೇಳಿ, ನಿಮಗೂ ಅನ್ವಯಿಸುತ್ತದೆ.

ಅಪ್ಪನ ಸಿಮ್ ಕಾರ್ಡನ್ನು ಕೂಡಲೇ ನಿಲ್ಲಿಸಬೇಡಿ. ಎಷ್ಟೋ ಕಡೆ ಒಟಿಪಿ ಬರುವುದು ಅದಕ್ಕೇ. ಆರು ತಿಂಗಳು ರೀಚಾರ್ಜ್ ಮಾಡಿಕೊಂಡಿರಿ. ಸಂಧ್ಯಾ ಸುರಕ್ಷಾ ಅಥವಾ ಬೇರೆ ಪಿಂಚಣಿ ಬರುತ್ತಿದ್ದರೆ ಸಾವನ್ನು ತಿಳಿಸಿಬಿಡಿ. ತಿಳಿಸದೆ ಬಂದ ಕಂತನ್ನು ಮುಂದೆ ವಾಪಸ್ ಕೇಳುತ್ತಾರೆ. ಡೈರಿಯಲ್ಲೋ ಸಹಕಾರ ಸಂಘದಲ್ಲೋ ಸದಸ್ಯರಾಗಿದ್ದರೆ ಷೇರು ಹಣ, ವಿಮೆ ಎರಡನ್ನೂ ಕೇಳಿ. ಬೈಕೋ ಜೀಪೋ ಅವರ ಹೆಸರಲ್ಲಿದ್ದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ನಿಮಗೆ ಸಕಲೇಶಪುರದಲ್ಲೇ ಕಚೇರಿ ಇದೆ.

ಸಾಲ ಕೊಟ್ಟವರು ತಿಥಿ ಮನೆಗೇ ಬರುತ್ತಾರೆ. ಅಪ್ಪನ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿಯಷ್ಟೇ ಹೊಣೆ, ನಿಮ್ಮ ಸ್ವಂತ ದುಡಿಮೆಯಲ್ಲ. ನೀವು ಜಾಮೀನು ನಿಂತಿದ್ದರೆ ಮಾತು ಬೇರೆ. "ಲೆಕ್ಕ ನೋಡಿ ಹೇಳ್ತೀವಿ" ಎಂದು ಕಳಿಸಿ, ಹೊಸ ಪ್ರೋನೋಟಿಗೆ ಸಹಿ ಹಾಕಬೇಡಿ.

ಸಹಿ ಅಂದಾಗ ನೆನಪಾಯಿತು. ತಿಥಿ ದಿನ ನೆಂಟರೆಲ್ಲ ಸೇರಿರುತ್ತಾರೆ. ಊಟ ಆದ ಮೇಲೆ ಚಾವಡಿಯಲ್ಲಿ ಕೂತು ಯಾರೋ ದೊಡ್ಡವರು ಮಾತು ತೆಗೆಯುತ್ತಾರೆ: "ಎಲ್ರೂ ಇದ್ದೀರಲ್ಲ, ಇವತ್ತೇ ಒಂದು ಕಾಗದ ಮಾಡಿ ಮುಗಿಸಿಬಿಡಿ." ಹೆಣ್ಣುಮಕ್ಕಳು ಅತ್ತು ಸುಸ್ತಾಗಿರುತ್ತಾರೆ, ಹಾಕಿಬಿಡುತ್ತಾರೆ. ಅವತ್ತು ಸಹಿ ಹಾಕಬೇಡಿ. ಅಣ್ಣ ಒಳ್ಳೆಯವನೇ ಇರಬಹುದು, ನಾನು ಅವನ ಬಗ್ಗೆ ಹೇಳುತ್ತಿಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿಯಾಗಿದ್ದು ಉಯಿಲು ಇಲ್ಲದಿದ್ದರೆ, ಹಿಂದೂ ಕುಟುಂಬದಲ್ಲಿ ಅಮ್ಮ, ಅಣ್ಣ, ನೀವು ಮೂವರಿಗೂ ಸಮ ಪಾಲು. ಅಜ್ಜಿ ಬದುಕಿದ್ದರೆ ಅವರಿಗೂ ಒಂದು. ಅಜ್ಜಿಯ ಪಾಲನ್ನು ಎಲ್ಲರೂ ಮರೆಯುತ್ತಾರೆ. ಪಿತ್ರಾರ್ಜಿತವಾದರೆ ಲೆಕ್ಕ ಹಾಕುವ ಬಗೆ ಬೇರೆ. ಅಲ್ಲೂ 2005ರ ತಿದ್ದುಪಡಿ ಆದ ಮೇಲೆ ಮಗಳ ಹಕ್ಕು ಮಗನಷ್ಟೇ, 2020ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿದೆ. ಕೊನೆಗೆ ನಿಮ್ಮ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಮನಸ್ಸಿದ್ದರೆ ಬಿಡಿ, ನಿಮ್ಮಿಷ್ಟ. ಆದರೆ ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವಾಗಿರಬೇಕು. ಚಾವಡಿಯಲ್ಲಿ ಬರೆದ ಛಾಪಾ ಕಾಗದ ಸಾಲದು.

ಮೊದಲು ಮಾಡಿಸಬೇಕಾದದ್ದು ಪೌತಿ ಖಾತೆ, ಅಂದರೆ ಸತ್ತವರ ಹೆಸರಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಆಗಲಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸುವ ಚಾಳಿ ಇನ್ನೂ ಹೋಗಿಲ್ಲ. ಒಂದು ಹೆಸರು ಬಿಟ್ಟರೆ ಒಂದು ತಕರಾರು ಅರ್ಜಿಗೆ ಎಲ್ಲ ನಿಂತುಬಿಡುತ್ತದೆ. ನಿಮ್ಮ ತೋಟದ ಪಹಣಿ ಈಗ ಯಾರ ಹೆಸರಲ್ಲಿದೆ ನೋಡಿದ್ದೀರಾ? ಇನ್ನೂ ತಾತನ ಹೆಸರಲ್ಲೇ ಇದ್ದರೆ ಎರಡು ತಲೆಮಾರಿನ ಮರಣ ಪತ್ರ ಬೇಕಾಗುತ್ತದೆ. ಅಪ್ಪನಿಗೆ ನೆನಪು ಚೆನ್ನಾಗಿರುವಾಗಲೇ ತಾತ ಯಾವ ವರ್ಷ ಹೋದರು, ಎಲ್ಲಿ ಹೋದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕಾಗದದ ಮಾತು ಬೇಡ ಅನ್ನಿಸಿದರೆ ಸುಮ್ಮನೆ ತಾತನ ಕಥೆ ಕೇಳಿ, ಹೇಳುತ್ತಾರೆ. ಹಾಗೇ ಟ್ರಂಕಿನ ಬೀಗದ ಕೈ ಎಲ್ಲಿದೆ ಅನ್ನುವುದೂ ಗೊತ್ತಿರಲಿ.

ಇನ್ನು ಚಿಕ್ಕಪ್ಪನದು. ಅದು ಕೈಮೀರಿಲ್ಲ. 21 ದಿನ ದಾಟಿ 30 ದಿನದೊಳಗಾದರೆ ಸ್ವಲ್ಪ ತಡ ಶುಲ್ಕ ಕಟ್ಟಿದರೆ ಮುಗಿಯುತ್ತದೆ. ವರ್ಷದೊಳಗಾದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮೊದಲೆಲ್ಲ ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಬಂದ ಮೇಲೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಇಲ್ಲವೇ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡಬಹುದು. ಉಪವಿಭಾಗಾಧಿಕಾರಿ ಕಚೇರಿ ಸಕಲೇಶಪುರದಲ್ಲೇ ಇದೆ, ಹಾಸನಕ್ಕೆ ಅಲೆಯಬೇಕಿಲ್ಲ. ಮೊದಲು ಪಂಚಾಯಿತಿಯಿಂದ 'ನೋಂದಣಿ ಆಗಿಲ್ಲ' ಎಂಬ ಪತ್ರ ತೆಗೆದುಕೊಳ್ಳಿ. ಅದರ ಜೊತೆ ಚಿಕ್ಕಪ್ಪನ ಆಧಾರ್, ಆಸ್ಪತ್ರೆ ಚೀಟಿ ಏನಾದರೂ ಇದ್ದರೆ ಅದು, ತಿಥಿಯ ಆಹ್ವಾನ ಪತ್ರಿಕೆ ಇಟ್ಟಿದ್ದರೆ ಅದೂ, ಸಾವು ಕಂಡ ಇಬ್ಬರ ಹೇಳಿಕೆ ಸೇರಿಸಿ.

ಚಿಕ್ಕಪ್ಪನ ವಯಸ್ಸು ನೀವು ಬರೆದಿಲ್ಲ. ಅವರ ಪಾಸ್‌ಬುಕ್ ತೆಗೆದು, ಅವರು ತೀರಿಕೊಳ್ಳುವ ಮೊದಲಿನ ಮೇ, ಜೂನ್ ತಿಂಗಳ ಸಾಲುಗಳನ್ನು ನೋಡಿ. 436 ರೂಪಾಯಿ ಕತ್ತರಿಸಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. 55 ವರ್ಷದವರೆಗೆ ರಕ್ಷಣೆ, ಯಾವ ಕಾರಣದ ಸಾವಾದರೂ ಎರಡು ಲಕ್ಷ. 20 ರೂಪಾಯಿಯಾದರೆ ಅಪಘಾತ ವಿಮೆ. ಬಿಪಿಎಲ್ ಮನೆಯಾಗಿ, ಅವರೇ ದುಡಿದು ಸಾಕುತ್ತಿದ್ದವರಾಗಿ, ವಯಸ್ಸು 18ರಿಂದ 59ರ ಒಳಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಇದೆ. ತಡವಾಗಿದೆ ಎಂದು ತಕರಾರು ಬರಬಹುದು. ಬಂದರೂ ಅರ್ಜಿ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಚಿಕ್ಕಮ್ಮ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಾರಾ? ಅದಕ್ಕೂ ಮರಣ ಪತ್ರವೇ ಮೊದಲು ಬೇಕು.

ಸೋಮವಾರ ಅಮ್ಮನನ್ನು ಅಪ್ಪನ ಹತ್ತಿರ ಕೂರಿಸಿ, ಚಿಕ್ಕಮ್ಮನನ್ನು ಕರೆದುಕೊಂಡು ಪಂಚಾಯಿತಿಗೆ ಹೋಗಿ. ಬರುವಾಗ ದಾರಿಯಲ್ಲೇ ಆರೋಗ್ಯ ಕೇಂದ್ರ ಸಿಗುತ್ತದಲ್ವಾ, ಡಾಕ್ಟರನ್ನೂ ಮಾತಾಡಿಸಿಕೊಂಡು ಬನ್ನಿ.